ಬಾಯಿಪಾಠದ ಕಣ್ಣು

ಫೋನಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಮೊಮ್ಮಗಳು ಕಲಿಸಿಕೊಟ್ಟು ಮೂರು ವಾರವಾಯಿತು. ಒತ್ತಕ್ಷರ ಎಲ್ಲಿ ಅಡಗಿ ಕೂತಿರುತ್ತದೆ ಎಂದು ಈಗ ಗೊತ್ತಾಗಿದೆ. ಅಕ್ಷರ ದೊಡ್ಡದು ಮಾಡಿಕೊಟ್ಟವಳೂ ಅವಳೇ. "ಅಜ್ಜಿ, ಕ್ಯಾನ್ ಯು ಸೀ ದಿಸ್?" ಎಂದು ಒಂದೊಂದೇ ಸೈಜು ತೋರಿಸಿದಳು. ಕಾಣಿಸುತ್ತದೆ ಎಂದೆ. ನಂಬಲಿಲ್ಲ. ಗಟ್ಟಿಯಾಗಿ ಓದಿಸಿದಳು. ಈ ಮನೆಯಲ್ಲಿ ಕಣ್ಣಿನ ವಿಷಯದಲ್ಲಿ ನನ್ನ ಮಾತನ್ನು ಯಾರೂ ನಂಬುವುದಿಲ್ಲ. ಅದಕ್ಕೊಂದು ಕಾರಣವಿದೆ. ಅದನ್ನೇ ಬರೆಯುತ್ತಿದ್ದೇನೆ.

ಎರಡು ಸಾವಿರದ ಆರೋ ಏಳೋ ಇರಬೇಕು. ಮಗಳು, ಅಳಿಯ, ಐದು ವರ್ಷ ತುಂಬುತ್ತಿದ್ದ ಮೊಮ್ಮಗಳು ಆಗ ಸಿಡ್ನಿಯ ಲಿವರ್‌ಪೂಲಿನಲ್ಲಿ ಮೂರನೆಯ ಅಂತಸ್ತಿನ ಒಂದು ಸಣ್ಣ ಮನೆಯಲ್ಲಿದ್ದರು. ಅಳಿಯ ಬೆಂಗಳೂರಿನವರು, ಕಂಪ್ಯೂಟರ್ ಕೆಲಸ, ಕಂಪನಿ ಕೊಡಿಸಿದ ತಾತ್ಕಾಲಿಕ ವೀಸಾ. ಪಿಆರ್‌ಗೆ, ಅಂದರೆ ಇಲ್ಲಿ ಕಾಯಂ ನೆಲೆಸುವ ಅನುಮತಿಗೆ, ಅರ್ಜಿ ಹಾಕಿ ಕಾಯುತ್ತಿದ್ದರು. ನಾನು ಧಾರವಾಡದಿಂದ ಒಂದು ವರ್ಷದ ವೀಸಾದ ಮೇಲೆ ಬಂದಿಳಿದಿದ್ದೆ.

ಈ ದೇಶಕ್ಕೆ ಬರಬೇಕಾದರೆ ಮೊದಲು ಮೈ ತೋರಿಸಬೇಕು ಎನ್ನುವುದು ನನಗೆ ಬರುವ ಮುಂಚೆಯೇ ಮನದಟ್ಟಾಗಿತ್ತು. ಬೆಂಗಳೂರಿನಲ್ಲಿ ನನ್ನ ಎದೆಯ ಎಕ್ಸ್‌ರೇ ತೆಗೆಯುವಾಗ ಮೈಮೇಲಿನ ಲೋಹವನ್ನೆಲ್ಲ ತೆಗೆದು ತಟ್ಟೆಯಲ್ಲಿಡಿ ಎಂದರು. ಸೀರೆ, ಕುಪ್ಪಸ, ಬಳೆಗಳಿಂದ ಹನ್ನೊಂದು ಪಿನ್ನು ತೆಗೆದಿಟ್ಟೆ. ಎಕ್ಸ್‌ರೇ ಹುಡುಗಿ ಎಣಿಸಿ, "ಅಮ್ಮಾ, ಇನ್ನೂ ಇದೆಯಾ?" ಎಂದಳು. ಹನ್ನೆರಡನೆಯದನ್ನು ಹೇಳಲಿಲ್ಲ. ಫೋಟೋದಲ್ಲಿ ಅದು ಬಂದಿರಬಹುದು. ವೀಸಾ ಅಂತೂ ಬಂತು.

ಲಿವರ್‌ಪೂಲಿಗೆ ಹೋದ ತಿಂಗಳಲ್ಲೇ ಪಿಆರ್ ಸಲುವಾಗಿ ಇವರ ಮೂವರ ಮೆಡಿಕಲ್ ತಪಾಸಣೆ ಇತ್ತು. ಜೊತೆಗೆ ನಾನೂ ಹೋದೆ. ಅಳಿಯನಿಗೂ ಮಗಳಿಗೂ ಗೋಡೆಗೆ ತೂಗುಹಾಕಿದ ಹಾಳೆಯಲ್ಲಿ ದೊಡ್ಡದರಿಂದ ಚಿಕ್ಕದರವರೆಗೆ ಇಂಗ್ಲಿಷ್ ಅಕ್ಷರ ಓದಿಸಿದರು, ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು. ಮೊಮ್ಮಗಳು ಚಿಕ್ಕವಳೆಂದು ಹಾಳೆ ಓದಿಸಲಿಲ್ಲ. ತೂಕ ನೋಡಿ, ಕಿವಿಯೊಳಗೆ ದೀಪ ಬಿಟ್ಟು, ಬಾಯಿಗೆ ಕಡ್ಡಿ ಹಾಕಿದರು. ಅವಳು ಕಡ್ಡಿ ಕಚ್ಚಿದಳು. ಅದಕ್ಕೇ ಪಿಆರ್ ಹೋಯಿತೆಂದು ನಾನು ಅಲ್ಲೇ ಕುಳಿತು ತೀರ್ಮಾನಿಸಿದೆ.

ನಾನು ಸುಮ್ಮನೆ ಹೆದರುವವಳಲ್ಲ. ಮೇಲಿನ ಮನೆಯಲ್ಲಿ ಬೆಳಗಾವಿ ಕಡೆಯವರಿದ್ದರು. ಅವರ ಮನೆಯ ಯಜಮಾನನ ಎಕ್ಸ್‌ರೇಯಲ್ಲಿ ಎಂದೋ ವಾಸಿಯಾದ ಕೆಮ್ಮಿನ ಕಲೆಯೊಂದು ಕಾಣಿಸಿ, ಫೈಲು ಎಂಟು ತಿಂಗಳು ನಿಂತುಬಿಟ್ಟಿತ್ತು. ಆಕೆ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಅದನ್ನೇ ಹೇಳುತ್ತಿದ್ದಳು. ಲಿಫ್ಟು ನಿಧಾನ, ಆದ್ದರಿಂದ ಪೂರ್ತಿ ಕೇಳಿಸಿಕೊಂಡಿದ್ದೇನೆ.

ಜನವರಿ ಕೊನೆಗೆ ಅಳಿಯನ ಕೆಲಸ ಮೆಲ್ಬರ್ನಿಗೆ ಬದಲಾಯಿತು. ಅಲ್ಲಿ ಡ್ಯಾಂಡಿನಾಂಗ್ ಎಂಬ ಬಡಾವಣೆಯಲ್ಲಿ ಬಾಡಿಗೆ ಮನೆ. ಮಗಳಿಗೆ ಅಲ್ಲೇ ಒಂದು ವೇರ್‌ಹೌಸಿನ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಮೊಮ್ಮಗಳು ಶಾಲೆಗೆ ಸೇರಿದಳು. ಕರೆದುಕೊಂಡು ಹೋಗುವುದು, ಕರೆದುಕೊಂಡು ಬರುವುದು ನನ್ನ ಪಾಲಿಗೆ ಬಂತು. ಪಿಆರ್ ಇನ್ನೂ ಬಂದಿರಲಿಲ್ಲ.

ಚಳಿ ಶುರುವಾಗುವ ಹೊತ್ತಿಗೆ, ಅಂದರೆ ಇಲ್ಲಿ ಮೇ ತಿಂಗಳಿಗೆ, ಅವಳ ಚೀಲದಲ್ಲಿ ಒಂದು ಲಕೋಟೆ ಬಂತು. ಶಾಲೆಗೆ ಹೊಸದಾಗಿ ಸೇರಿದ ಮಕ್ಕಳನ್ನೆಲ್ಲ ನೋಡಲು ನರ್ಸ್ ಬರುತ್ತಾಳೆ, ಅದಕ್ಕೆ ಮೊದಲು ಮನೆಯವರು ಈ ಫಾರ್ಮ್ ತುಂಬಿ ಕಳಿಸಬೇಕು. ಪುಟದ ಮೇಲೆ ಸರ್ಕಾರದ ಗುರುತು ಇತ್ತು. ಮಗಳು ಊಟದ ಮೇಜಿನ ಮೇಲೆ ಹರಡಿಕೊಂಡು ಕುಳಿತಳು. ನಾನು ಎದುರಿಗೆ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದೆ.

"ಎಲ್ಲಾದಕ್ಕೂ ನೋ ಅಂತ ಬರಿ," ಎಂದೆ.

"ಅವ್ವಾ, ಇದು ಸಾಲಿ ಫಾರ್ಮ್. ವೀಸಾದ್ದಲ್ಲ."

"ಸರ್ಕಾರದ್ದು ಹೌದಿಲ್ಲೋ? ಸರ್ಕಾರ ಅಂದ್ರ ಒಂದ. ವೀಸಾ ಫಾರ್ಮಿನ್ಯಾಗ ಏನೇನ್ ಕೇಳಿದ್ರು? ಜೈಲಿಗೆ ಹೋಗಿದ್ದೇನು, ಕ್ಷಯ ಬಂದಿತ್ತೇನು. ಎಲ್ಲಾದಕ್ಕೂ ನೋ ಅಂದಿವಿ. ಇಲ್ಲಿ ಯಾಕ ಹುರುಪು?"

ಮಗಳು ನೋ ನೋ ಎಂದು ಬರೆಯುತ್ತ ಹೋಗಿ ಒಂದು ಕಡೆ ಪೆನ್ನು ನಿಲ್ಲಿಸಿದಳು. "ಟಿವಿ ಹತ್ರ ಹೋಗಿ ಕೂಡ್ತಾಳೇನು, ತಲಿ ಓರೆ ಮಾಡಿ ನೋಡ್ತಾಳೇನು ಅಂತ ಕೇಳ್ಯಾರ. ನೋಡ್ತಾಳಲ್ಲ ಅವ್ವಾ?"

"ಎಲ್ಲಾ ಹುಡುಗ್ರೂ ನೋಡ್ತಾವ. ಸಣ್ಣಾಕಿದ್ದಾಗ ನೀನೂ ಹತ್ರ ಕೂಡ್ತಿದ್ದಿ."

"ಆವಾಗ ನಮ್ಮ ಮನ್ಯಾಗ ಟಿವಿನ ಇರ್ಲಿಲ್ಲ."

"ಇದ್ದಿದ್ರ ಕೂಡ್ತಿದ್ದಿ. ನೋ ಅಂತ ಬರಿ."

ಬರೆದಳು. ಆ ಒಂದು ನೋ ಬರೆಸಿದ್ದು ನಾನು. ಇದನ್ನು ಮರೆಯಬೇಡಿ, ಮಗಳೂ ಮರೆತಿಲ್ಲ.

ನಾನು ಹೀಗೇಕೆ ಎಂದು ತಿಳಿಯಬೇಕಾದರೆ ನನ್ನ ಶಾಲೆಯ ವಿಷಯ ಸ್ವಲ್ಪ ಹೇಳಬೇಕು. ಧಾರವಾಡದಲ್ಲಿ ನಮ್ಮ ಹೆಣ್ಣುಮಕ್ಕಳ ಶಾಲೆಗೂ ವರ್ಷಕ್ಕೊಮ್ಮೆ ಡಾಕ್ಟರು ಬರುತ್ತಿದ್ದರು. ಬರುವ ವಾರ ಮೊದಲೇ ಅಕ್ಕೋರು, ಅಂದರೆ ನಮ್ಮ ಟೀಚರು, ತಾಲೀಮು ಶುರುಮಾಡುತ್ತಿದ್ದರು. ಬಾಯಿ ತೆರೆ ಎಂದರೆ ಎಷ್ಟು ತೆರೆಯಬೇಕು, ನಾಲಿಗೆ ಎಷ್ಟುದ್ದ ಚಾಚಬೇಕು, ಉಗುರು ಹೇಗೆ ತೋರಿಸಬೇಕು. ಕೆಮ್ಮು ಬಂದರೆ ನುಂಗಬೇಕು. ಇನ್ಸ್‌ಪೆಕ್ಟರ್ ಬಂದಾಗ ಮಗ್ಗಿ ಒಪ್ಪಿಸಿದ ಹಾಗೆ ಡಾಕ್ಟರ ಮುಂದೆ ಆರೋಗ್ಯ ಒಪ್ಪಿಸುತ್ತಿದ್ದೆವು. ತಾಲೀಮಿಗೂ ಬಗ್ಗದ ಹುಡುಗಿಯರನ್ನು, ಹೇನು ತುಂಬಿದವರು, ಹುರುಕು ಹತ್ತಿದವರು, ಇಂಥವರನ್ನು, ಆ ದಿನ ನೀರಿನ ಟಾಕಿಯ ಹಿಂದೆ ಕೂಡಿಸಿ ಹಾಜರಿಯಲ್ಲಿ ಗೈರು ಎಂದು ಬರೆಯುತ್ತಿದ್ದರು. ಒಂದು ವರ್ಷ ನಾನೂ ಟಾಕಿಯ ಹಿಂದಿದ್ದೆ. ಕುತ್ತಿಗೆಯ ಮೇಲೆ ಗಜಕರ್ಣ ಎದ್ದಿತ್ತು. ಆರು ಜನ ಕುಳಿತು ಹುಣಸೆಹಣ್ಣು ತಿಂದೆವು, ಬಲು ಚೆನ್ನಾಗಿತ್ತು. ಶಾಲೆಯ ಮಕ್ಕಳೆಲ್ಲ ಆರೋಗ್ಯವಾಗಿದ್ದಾರೆ ಎಂದು ಡಾಕ್ಟರು ಬರೆದುಕೊಟ್ಟು ಹೋದರು. ಗಜಕರ್ಣ ಇನ್ನೂ ಎರಡು ವರ್ಷ ನನ್ನ ಜೊತೆ ಪಾಸಾಗುತ್ತ ಬಂತು.

ಆದ್ದರಿಂದ ತಪಾಸಣೆ ಅಂದರೆ ತಯಾರಿ. ನನಗೆ ಗೊತ್ತಿದ್ದದ್ದು ಅಷ್ಟೇ.

ನರ್ಸ್ ಬರುವ ಹಿಂದಿನ ವಾರ ಶಾಲೆಯಲ್ಲಿ ಅಜ್ಜ ಅಜ್ಜಿಯರಿಗೆ ಚಹಾ ಇಟ್ಟಿದ್ದರು. ಚಹಾ ತಣ್ಣಗಿತ್ತು. ಬಚ್ಚಲು ಹುಡುಕಿಕೊಂಡು ಹೊರಟವಳಿಗೆ ಆಫೀಸಿನ ಪಕ್ಕದ ಸಣ್ಣ ಕೋಣೆಯ ಬಾಗಿಲು ತೆರೆದಿದ್ದು ಕಾಣಿಸಿತು. ಒಳಗೆ ಒಂದು ಮಂಚ, ಒಂದು ಕುರ್ಚಿ, ಗೋಡೆಗೆ ಹಾಳೆ. ಲಿವರ್‌ಪೂಲಿನಲ್ಲಿ ನೋಡಿದಂಥದೇ, ಮಕ್ಕಳದಾದ್ದರಿಂದ ಅಕ್ಷರ ಕಡಿಮೆ. ಐದು ಸಾಲು. ಕಾಗದ ಇರಲಿಲ್ಲ, ಕೈಚೀಲದಲ್ಲಿ ಕುಂಕುಮದ ಡಬ್ಬಿಯ ಜೊತೆ ಬಾಲ್‌ಪೆನ್ನು ಇತ್ತು. ಎಡಗೈ ಮೇಲೆ ಬರೆದುಕೊಂಡು ಸೆರಗು ಹೊದ್ದು ಹೊರಗೆ ಬಂದೆ. ಉಳಿದ ಅಜ್ಜಿಯರು ಇನ್ನೂ ಬಿಸ್ಕತ್ತು ತಿನ್ನುತ್ತಿದ್ದರು.

ಆ ಸಂಜೆಯಿಂದಲೇ ಪಾಠ. ನಾನು ರೊಟ್ಟಿ ಬಡಿಯುವುದು, ಅವಳು ಹಿಟ್ಟಿನ ಡಬ್ಬದ ಮೇಲೆ ಕೂತು ಹೇಳುವುದು.

"ಎಚ್."

"ಹೂಂ."

"ಟಿ, ಓ. ವಿ, ಎಕ್ಸ್, ಎ. ಯು, ಎಚ್, ಟಿ, ವಿ."

"ಕಡೀ ಸಾಲು?"

"ಓ, ಎ, ಎಕ್ಸ್, ಯು, ಟಿ. ಅಜ್ಜಿ, ಉಂಡಿ!"

ತಪ್ಪಿಲ್ಲದೆ ಹೇಳಿದರೆ ಒಂದು ಶೇಂಗಾ ಉಂಡಿ. ರೊಟ್ಟಿಯ ತಾಳಕ್ಕೆ ಸರಿಯಾಗಿ ಅದು ಕೂತಿತು. ಮೂರು ದಿನದಲ್ಲಿ ನಿದ್ದೆಗಣ್ಣಿನಲ್ಲಿ ಎಬ್ಬಿಸಿ ಕೇಳಿದರೂ ಹೇಳುವಂತಾದಳು. ಯಾರಿಗೂ ಹೇಳಬಾರದು ಎಂದೂ ಕಲಿಸಿದೆ. ಅಕ್ಷರಗಳನ್ನು ಬರೆದು ದೂರದಿಂದ ತೋರಿಸಿ, ಓದು ಎಂದು ಮಾತ್ರ ಒಂದು ಸಲವೂ ಕೇಳಲಿಲ್ಲ. ಬಾಯಿಪಾಠಕ್ಕೆ ನೋಡುವ ಅವಶ್ಯಕತೆ ಏನು?

ನರ್ಸ್ ಸೋಮವಾರ ಬಂದಳು. ಮೂರೂವರೆಗೆ ಗೇಟಿನ ಹತ್ತಿರ ಮೊಮ್ಮಗಳು ಕೈಯಲ್ಲಿ ಕಪ್ಪೆಯ ಸ್ಟಿಕರ್ ಹಿಡಿದು ಓಡಿ ಬಂದಳು.

"ಅಜ್ಜಿ, ಐ ಡಿಡ್ ದ ಸಾಂಗ್! ಟ್ವೈಸ್!"

"ಎರಡೂ ಕಣ್ಣು ಮುಚ್ಚಿಸಿದ್ಲೇನು?"

"ವನ್ ಬೈ ವನ್. ಶಿ ಪಾಯಿಂಟೆಡ್, ಐ ಸೆಡ್. ಶಿ ಸೆಡ್ ವಾವ್."

ನಾನೂ ವಾವ್ ಎಂದೆ. ಬುಧವಾರ ಚೀಟಿ ಬಂತು. ಕಿವಿ ಸರಿ, ಎಡಗಣ್ಣು ಸರಿ, ಬಲಗಣ್ಣು ಸರಿ. ಮಗಳು ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ನೀರು ಕುಡಿಯುವ ನೆಪದಲ್ಲಿ ನಾನು ದಿನಕ್ಕೆ ನಾಲ್ಕು ಸಲ ಹೋಗಿ ನೋಡಿ ಬರುತ್ತಿದ್ದೆ. ಯಾರಿಗೂ ಹೇಳಲಾಗದ ಗೆಲುವು ಬಹಳ ಭಾರ.

ಭಾನುವಾರ ಎಣ್ಣೆ ಸ್ನಾನ. ಇಂಡಿಯನ್ ಅಂಗಡಿಯಿಂದ ತಂದ ಸೀಗೆಪುಡಿ, ಬಿಸಿನೀರು, ಬಚ್ಚಲ ತುಂಬ ಹಬೆ. ಅವಳ ಬಲಗಣ್ಣಿಗೆ ಸೀಗೆ ಹೋಗಿ ಕೂಗಿಕೊಂಡಳು. ಒದ್ದೆ ಬಟ್ಟೆಯನ್ನು ಆ ಕಣ್ಣಿಗೆ ಒತ್ತಿ ಹಿಡಿದು, "ಅಳಬ್ಯಾಡ, ಆ ಹಳದಿ ಟವೆಲ್ ತಗೋ," ಎಂದೆ. ಟವೆಲ್ ಎದುರಿಗೇ ಕೊಕ್ಕೆಗೆ ನೇತುಬಿದ್ದಿತ್ತು. ಅವಳು ಕೈ ಚಾಚಿದಳು. ಕೈ ಟವೆಲಿನ ಒಂದು ಗೇಣು ಆಚೆ, ಬರಿಯ ಗೋಡೆಯ ಮೇಲೆ ಹೋಯಿತು.

"ಕಾಣಂಗಿಲ್ಲೇನು?"

"ಟೂ ಮಚ್ ಸ್ಟೀಮ್, ಅಜ್ಜಿ."

ಕಿಟಕಿ ತೆರೆದೆ. ಡ್ಯಾಂಡಿನಾಂಗಿನ ಜೂನ್ ತಿಂಗಳ ಗಾಳಿ ಬಂದು ಹಬೆಯನ್ನೆಲ್ಲ ಒರೆಸಿಕೊಂಡು ಹೋಯಿತು. ಕನ್ನಡಿಯಲ್ಲಿ ನನ್ನ ಮುಖದ ಸುಕ್ಕುಗಳೆಲ್ಲ ಕಾಣುವಷ್ಟು ಸ್ವಚ್ಛವಾಯಿತು. ಕಣ್ಣಿಗೆ ಒತ್ತಿದ್ದ ಬಟ್ಟೆ ತೆಗೆಯಲಿಲ್ಲ. "ಈಗ?"

"ಸ್ಟಿಲ್ ಸ್ಟೀಮ್."

ಮೈ ಒರೆಸಿ, ಬಟ್ಟೆ ಹಾಕಿಸಿ, ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿದೆ. ಮಗಳು ಅಳಿಯ ಮಾರ್ಕೆಟ್ಟಿಗೆ ಹೋಗಿದ್ದರು. ಅವಳ ಬಲಗಣ್ಣನ್ನು ಅವಳ ಕೈಯಿಂದಲೇ ಮುಚ್ಚಿಸಿ, ಆ ಕಡೆಯ ಗೋಡೆಗೆ ಹತ್ತು ಕಿಲೋ ಅಕ್ಕಿಚೀಲ ಒರಗಿಸಿಟ್ಟು, "ಇದರ ಮ್ಯಾಲ ಏನೈತಿ ಹೇಳು," ಎಂದೆ.

ಅವಳು ನೆಟ್ಟಗೆ ನಿಂತಳು. "ಎಚ್," ಎಂದಳು. "ಟಿ, ಓ. ವಿ, ಎಕ್ಸ್, ಎ."

ಚೀಲದ ಮೇಲೆ ಇದ್ದದ್ದು ನವಿಲು.

"ಹಾಡು ಬ್ಯಾಡ ತಂಗಿ. ಕಂಡದ್ದು ಹೇಳು."

ತಲೆ ಓರೆ ಮಾಡಿದಳು. "ಬ್ಲೂ," ಎಂದಳು. "ಸಮ್‌ಥಿಂಗ್ ಬ್ಲೂ." ಆಮೇಲೆ, "ಡು ಐ ಗೆಟ್ ಉಂಡಿ?"

ಕೊಟ್ಟೆ. ನಾನೂ ಒಂದು ತಿಂದೆ. ಪುಡಿ ಎಲ್ಲ ಸೀರೆಯ ಮೇಲೆ ಬಿತ್ತು.

ಮಾರ್ಕೆಟ್ಟಿನಿಂದ ಬಂದವರಿಗೆ ಹೇಳಲಿಲ್ಲ. ಸೋಮವಾರವೂ ಹೇಳಲಿಲ್ಲ. ಮೂರು ಹೊತ್ತೂ ಗಜ್ಜರಿ ತಿನ್ನಿಸಿದೆ. ಗಜ್ಜರಿ ಪಲ್ಯ, ಗಜ್ಜರಿ ಕೋಸಂಬರಿ, ಗಜ್ಜರಿ ಹಲ್ವ. ಅಳಿಯ, "ಅತ್ತೆ, ಎಲ್ಲಾದ್ರೂ ಕ್ಯಾರೆಟ್ ಸೇಲ್ ಇತ್ತಾ?" ಎಂದು ಕೇಳಿದರು. ಹೂಂ ಎಂದೆ. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಎರಡೇ. ಹೇಳಿದರೆ ಕಣ್ಣಿನ ಸಂಗತಿ ಸರ್ಕಾರದ ಫೈಲಿಗೆ ಹೋಗುತ್ತದೆ, ಲಿವರ್‌ಪೂಲಿನ ಮೇಲಿನ ಮನೆಯವರ ಫೈಲಿನ ಹಾಗೆ ಇದೂ ನಿಲ್ಲುತ್ತದೆ, ಆರು ವರ್ಷದ ಇವರ ದುಡಿಮೆ ನನ್ನಿಂದ ಹಾಳು. ಹೇಳದಿದ್ದರೆ ಫ್ರಿಜ್ಜಿನ ಬಾಗಿಲ ಮೇಲೆ ಎಡಗಣ್ಣು ಸರಿ ಎಂದೇ ಇರುತ್ತದೆ, ಮತ್ತೆ ಯಾರೂ ನೋಡುವುದಿಲ್ಲ. ಫಾರ್ಮಿನಲ್ಲೂ ನೋ. ನಾನು ಆ ಕೂಸನ್ನು ಟಾಕಿಯ ಹಿಂದೆ ಕೂಡಿಸಿ ಬಂದಿದ್ದೆ. ಕೈಗೆ ಉಂಡಿ ಕೊಟ್ಟು.

ನರ್ಸ್ ಇನ್ನೂ ಆ ಶಾಲೆಯಲ್ಲೇ ಇದ್ದಾಳೆ, ಉಳಿದ ತರಗತಿಗಳನ್ನು ನೋಡುತ್ತಿದ್ದಾಳೆ, ಈ ಗುರುವಾರದವರೆಗೆ ಇರುತ್ತಾಳೆ ಎಂದು ಚೀಟಿಯಲ್ಲೇ ಇತ್ತು. ಮಂಗಳವಾರ ಮೊಮ್ಮಗಳನ್ನು ತರಗತಿಗೆ ಬಿಟ್ಟು, ಸೆರಗು ಬಿಗಿದು, ನೇರ ಆ ಕೋಣೆಗೆ ಹೋದೆ. ನನ್ನ ವಯಸ್ಸಿಗೆ ಹತ್ತಿರದವಳು, ಗಟ್ಟಿ ಹೆಂಗಸು, ಕತ್ತಿನಲ್ಲಿ ಕನ್ನಡಕದ ಸರ. ನನ್ನ ಇಂಗ್ಲಿಷನ್ನು ದಾರಿಯುದ್ದ ಜೋಡಿಸಿಕೊಂಡು ಬಂದಿದ್ದೆ.

"ಮೈ ಗ್ರ್ಯಾಂಡ್‌ಡಾಟರ್ ನೋ ಪಾಸ್," ಎಂದೆ. "ಐ ಪಾಸ್."

ಅವಳಿಗೆ ತಿಳಿಯಲಿಲ್ಲ. ಕುಳಿತುಕೊಳ್ಳಿ ಎಂದಳು. ನಾನು ಕೂರಲಿಲ್ಲ. ಹಾಳೆಗೆ ಬೆನ್ನು ತಿರುಗಿಸಿ, ಬಾಗಿಲ ಕಡೆ ಮುಖಮಾಡಿ ನಿಂತು, ಎಚ್‌ನಿಂದ ಹಿಡಿದು ಐದೂ ಸಾಲು ಹೇಳಿದೆ. ಆಮೇಲೆ ಮೊಮ್ಮಗಳ ಹೆಸರು ಹೇಳಿದೆ. ಈಗ ನರ್ಸೇ ಕುಳಿತುಕೊಂಡಳು. ಫೈಲು ತೆಗೆದು, ನೋಡಿ, ಮುಚ್ಚಿದಳು.

"ಯು ಟಾಟ್ ಹರ್?"

"ಐ ಟೀಚ್. ವಿತ್ ರೊಟ್ಟಿ." ಆಮೇಲೆ ಮುಖ್ಯವಾದದ್ದನ್ನು ಕೇಳಿದೆ. "ಯು ಟೆಲ್ ವೀಸಾ ಆಫೀಸ್? ಪ್ಲೀಸ್ ರೈಟ್ ಮೈ ನೇಮ್. ನಾಟ್ ಚೈಲ್ಡ್, ನಾಟ್ ಡಾಟರ್. ಸೆಂಡ್ ಮೀ ಬ್ಯಾಕ್."

ನರ್ಸ್ ಫೈಲನ್ನು ಪಕ್ಕಕ್ಕೆ ಸರಿಸಿದಳು. "ಡಾರ್ಲಿಂಗ್," ಎಂದಳು, "ಐ ಓನ್ಲಿ ಡು ಐಸ್ ಅಂಡ್ ಇಯರ್ಸ್." ತನ್ನ ಕೆಲಸ ಬರಿ ಕಣ್ಣು ಕಿವಿ, ವೀಸಾದವರು ಯಾರೂ ತನ್ನನ್ನು ಇದುವರೆಗೆ ಏನೂ ಕೇಳಿಲ್ಲ, ಕೇಳಿದರೂ ಹೇಳುವುದಿಲ್ಲ ಎಂದು ನಿಧಾನವಾಗಿ, ಎರಡೆರಡು ಸಲ, ನನಗೆ ಅರ್ಥವಾಗುವ ಹಾಗೆ ಹೇಳಿದಳು.

ಮೊಮ್ಮಗಳನ್ನು ಕರೆಸಿದಳು. ಕಪಾಟಿನಿಂದ ಬೇರೆ ಹಾಳೆ ತೆಗೆದಳು, ಮನೆ, ಸೇಬು, ಕೊಡೆಯ ಚಿತ್ರಗಳದ್ದು. ಬಲಗಣ್ಣು ಕೆಳಗಿನ ಸಾಲಿನವರೆಗೆ ಸರಸರ ಇಳಿಯಿತು. ಎಡಗಣ್ಣು ಮೇಲಿನ ದೊಡ್ಡ ಮನೆಯೊಂದನ್ನು ಕಂಡು ಅಲ್ಲೇ ನಿಂತಿತು. ಕಣ್ಣು ಕೆಟ್ಟಿಲ್ಲ, ಕೆಲಸ ಮಾಡುವುದನ್ನು ಬಿಟ್ಟಿದೆ, ಇನ್ನೊಂದು ಕಣ್ಣೇ ಎಲ್ಲ ನೋಡಿಕೊಳ್ಳುತ್ತಿದೆ ಎಂದಳು ನರ್ಸ್. ಈಗ ಹಿಡಿದರೆ ಸರಿಹೋಗುತ್ತದೆ. ವಯಸ್ಸು ಏಳೆಂಟು ದಾಟಿದರೆ ಕಷ್ಟ. ತಂದೆ ತಾಯಿಯ ಸಹಿ ಬೇಕು, ನಾಳೆಯೇ ಕಣ್ಣಿನ ಡಾಕ್ಟರಿಗೆ ಬುಕ್ ಮಾಡಬೇಕು.

ಸಹಿ ಬೇಕೆಂದರೆ ಮನೆಯಲ್ಲಿ ಹೇಳಲೇಬೇಕು. ಹೇಳಿದೆ. ಕೈ ಮೇಲೆ ಬರೆದುಕೊಂಡದ್ದರಿಂದ ಹಿಡಿದು ನವಿಲಿನವರೆಗೆ, ಏನನ್ನೂ ಬಿಡಲಿಲ್ಲ. ಮಗಳು ಎದ್ದು ಹೋಗಿ ಫ್ರಿಜ್ಜಿನ ಮೇಲಿನ ಚೀಟಿ ಕಿತ್ತಳು. ಮಡಿಚಿದಳು. ಮತ್ತೆ ಮಡಿಚಿದಳು.

"ನಾ ಆ ಫಾರ್ಮಿನ್ಯಾಗ ಎಸ್ ಅಂತ ಬರಿಯಾಕಿ ಇದ್ದೆ, ಅವ್ವಾ," ಎಂದಳು. ಅಷ್ಟೇ. ಆಮೇಲೆ ನನ್ನ ಜೊತೆ ಮಾತು ನಿಲ್ಲಿಸಿದಳು.

ಅಳಿಯ ನನ್ನ ಎದುರಿಗೆ ಕುಳಿತು, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. "ಅತ್ತೆ, ಸ್ಕೂಲ್ ನರ್ಸು ಸ್ಟೇಟ್ ಗವರ್ನಮೆಂಟು. ವೀಸಾ ಸೆಂಟ್ರಲ್ ಗವರ್ನಮೆಂಟು. ಅವ್ರಿಗೂ ಇವ್ರಿಗೂ ಮಾತೇ ಇಲ್ಲ."

"ಯಾಕ್ರೀ, ಜಗಳ ಆಡ್ಯಾರೇನು?"

ಅಳಿಯ ನಕ್ಕರು. ಒಳಗಿನಿಂದ ಪಾತ್ರೆ ಜೋರಾಗಿ ಇಟ್ಟ ಸದ್ದು ಬಂತು. ನಗು ನಿಲ್ಲಿಸಿದರು. ಅಂದಿನಿಂದ ಹದಿನೈದು ದಿನ ಮನೆಯಲ್ಲಿ ಮಾತು ಅಳಿಯನ ಮೂಲಕವೇ ಓಡಾಡಿತು. "ಅತ್ತೆ, ಸಾರು ಬಿಸಿ ಇದೆಯಂತೆ." "ಅತ್ತೆ, ನಾಳೆ ಸ್ವೆಟರ್ ಹಾಕಿ ಕಳಿಸ್ಬೇಕಂತೆ." ಪಾಪ, ಆಫೀಸಿನಲ್ಲಿ ಮಾಡುವ ಕೆಲಸ ಸಾಲದೆಂದು ಇದೂ ಒಂದು.

ಕಣ್ಣಿನ ಡಾಕ್ಟರು ಕನ್ನಡಕ ಕೊಟ್ಟರು. ಜೊತೆಗೆ ಅಂಟಿಸುವ ಪಟ್ಟಿಗಳ ಒಂದು ಡಬ್ಬಿ. ಚೆನ್ನಾಗಿರುವ ಬಲಗಣ್ಣಿಗೆ ದಿನಾ ಆರು ಗಂಟೆ ಪಟ್ಟಿ ಕಟ್ಟಬೇಕು, ಆಗ ಸೋಮಾರಿಯಾದ ಎಡಗಣ್ಣು ಬೇರೆ ದಾರಿಯಿಲ್ಲದೆ ದುಡಿಯುತ್ತದೆ. ಆ ಆರು ಗಂಟೆಯಲ್ಲಿ ಹೆಚ್ಚಿನವು ನನ್ನ ಪಾಲಿಗೆ ಬಂದವು. ಕೊಡಿ ಎಂದು ನಾನೇ ಕೇಳಿದೆ, ಅಳಿಯನ ಮೂಲಕ.

ಮೊದಲ ದಿನ ಕಿತ್ತು ಬೂಟಿನೊಳಗೆ ಅಡಗಿಸಿದಳು. ಎರಡನೆಯ ದಿನ ಬೆಕ್ಕಿನ ಬೊಂಬೆಗೆ ಅಂಟಿಸಿದಳು. ಮೂರನೆಯ ದಿನ ಸೊಂಟಕ್ಕೆ ಕೈಯಿಟ್ಟು ನಿಂತಳು.

"ದಿಸ್ ಐ ಈಸ್ ಬ್ರೋಕನ್, ಅಜ್ಜಿ. ಯು ವೇರ್ ಇಟ್."

"ನಾ ಹಾಕ್ಕೊಂಡ್ರ ನೀ ಹಾಕ್ಕೋತಿಯೇನು?"

"ಓಕೆ. ಯು ಫಸ್ಟ್."

ಹಾಕಿಕೊಂಡೆ. ಅಡುಗೆಮನೆಗೆ ಹೋಗುವಾಗ ತೆರೆದಿದ್ದ ಫ್ರಿಜ್ಜಿನ ಬಾಗಿಲಿಗೆ ಹಣೆ ಬಡಿದುಕೊಂಡೆ. ಮಗಳು ಅದೇ ಹೊತ್ತಿಗೆ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದಳು. ಒಂದೊಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಎದುರಿಗೆ ನಿಂತ ನಮ್ಮಿಬ್ಬರನ್ನೂ ನೋಡಿದಳು. ನಗಬಾರದೆಂದು ಬಹಳ ಪ್ರಯತ್ನಪಟ್ಟಳು.

"ಹಣಿಗೆ ಬೆಣ್ಣಿ ಹಚ್ಕೋ ಅವ್ವಾ," ಎಂದಳು. ಅಳಿಯನಿಗೆ ಆ ದಿನದಿಂದ ಬಿಡುವು ಸಿಕ್ಕಿತು.

ಪಟ್ಟಿ ಕಟ್ಟಿದ ಹೊತ್ತಿನಲ್ಲಿ ಕಣ್ಣಿಗೆ ಹತ್ತಿರದ ಕೆಲಸ ಕೊಡಿ ಎಂದಿದ್ದರು ಡಾಕ್ಟರು. ಮೊರದಲ್ಲಿ ಅಕ್ಕಿ ಹಾಕಿ ಕೊಟ್ಟೆ, ಕಲ್ಲು ಆರಿಸು ಎಂದು. ಅರ್ಧ ಗಂಟೆ ಹುಡುಕಿ, "ದೇರ್ ಆರ್ ನೋ ಸ್ಟೋನ್ಸ್," ಎಂದಳು. ನಿಜ. ಈ ದೇಶದ ಅಕ್ಕಿಯಲ್ಲಿ ಕಲ್ಲೇ ಇರುವುದಿಲ್ಲ, ಹೆಂಗಸರಿಗೆ ಕೂತು ಮಾತಾಡಲು ನೆಪವೇ ಇಲ್ಲ. ಆದ್ದರಿಂದ ನಾನೇ ಬೆರೆಸತೊಡಗಿದೆ. ಮೊದಲು ಕಾಬೂಲಿ ಕಡಲೆ. ಅದು ಸಲೀಸಾದ ಮೇಲೆ ಬಟಾಣಿ. ಆಮೇಲೆ ಹೆಸರುಕಾಳು. ಆ ಹಂತದಲ್ಲಿ ಒಂದು ದಿನ ಬಹಳ ಬೇಗ ಮುಗಿಸಿದಳು. ಗಮನಿಸಿ ನೋಡಿದರೆ ಮೊರದ ಕಡೆ ನೋಡುತ್ತಲೇ ಇಲ್ಲ, ಬೆರಳಿನಿಂದ ತಡವಿ ತಡವಿ ತೆಗೆಯುತ್ತಿದ್ದಾಳೆ. ಮೋಸ. ಎಲ್ಲಿ ಕಲಿತೆ ಎಂದು ಕೇಳುವ ಹಾಗಿರಲಿಲ್ಲ. ಕೈಗೆ ಚಿಮಟ ಕೊಟ್ಟೆ.

ಅಕ್ಟೋಬರಿನಲ್ಲಿ ಪಿಆರ್ ಬಂತು. ಈಮೇಲಿನಲ್ಲಿ ನಾಲ್ಕು ಸಾಲು. ಕಣ್ಣಿನ ಮಾತೇ ಇರಲಿಲ್ಲ. ಹೋಳಿಗೆ ಮಾಡಿದೆ. ಆ ಸಂಜೆ ಮೊರದಲ್ಲಿ ಹೆಸರುಕಾಳು ಇನ್ನೂ ಅರ್ಧ ಉಳಿದಿತ್ತು, ಹೋಳಿಗೆ ತಿಂದು ಬಂದು ಮುಗಿಸಿದಳು. ನವೆಂಬರಿನಲ್ಲಿ ಸಾಸಿವೆಗೆ ಇಳಿದೆವು. ಬಿಳಿ ಅಕ್ಕಿಯಲ್ಲಿ ಕರಿ ಸಾಸಿವೆ ಸುಲಭ ಎಂದು ಅವಳೇ ದೂರಿದ್ದರಿಂದ ಕರಿಯ ಎಳ್ಳಿನಲ್ಲಿ ಬೆರೆಸಿಕೊಟ್ಟೆ. ಒಂದು ಗಂಟೆ ಕೂತಳು, ಬಯ್ದಳು, ತೆಗೆದಳು.

ಡಿಸೆಂಬರಿನಲ್ಲಿ ಶಾಲೆ ಮುಚ್ಚುವ ಮುಂಚೆ ನರ್ಸ್ ಮತ್ತೊಮ್ಮೆ ನೋಡುತ್ತೇನೆ ಎಂದು ಹೇಳಿಕಳಿಸಿದಳು. ಜನವರಿಗೆ ನನ್ನ ವೀಸಾ ಮುಗಿಯುತ್ತಿತ್ತು. ಮಗಳು ರಜೆ ಹಾಕಿ ಜೊತೆಗೆ ಬಂದಳು. ಕೋಣೆಯಲ್ಲಿ ಎರಡು ಕುರ್ಚಿ ಇದ್ದವು. ಮಗಳು ಬಾಗಿಲ ಹತ್ತಿರದ್ದರಲ್ಲಿ, ನಾನು ಕಿಟಕಿಯ ಪಕ್ಕದ್ದರಲ್ಲಿ ಕುಳಿತೆವು. ಮೊಮ್ಮಗಳು ಕನ್ನಡಕ ಹಾಕಿಕೊಂಡು ನೆಲದ ಗೆರೆಯ ಮೇಲೆ ನಿಂತಳು. ನರ್ಸ್ ಅವಳ ಬಲಗಣ್ಣು ಮುಚ್ಚಿ ಗೋಡೆಯ ಹತ್ತಿರ ಹೋದಳು.

ಗೋಡೆಯ ಮೇಲೆ ಇದ್ದದ್ದು ಅದೇ ಹಾಳೆ. ಎಚ್, ಟಿ ಓ, ವಿ ಎಕ್ಸ್ ಎ.

ನರ್ಸ್ ಮರೆತಿದ್ದಳೋ, ಬೇಕೆಂದೇ ಹಾಕಿದ್ದಳೋ, ಇವತ್ತಿಗೂ ಗೊತ್ತಿಲ್ಲ. ಆ ಹಾಳೆ ಅವಳಿಗೆ ಕಣ್ಣಿಲ್ಲದೆಯೂ ಬರುತ್ತದೆ. ಆರು ತಿಂಗಳ ಪಟ್ಟಿ, ಕಡಲೆ, ಸಾಸಿವೆ, ಎಲ್ಲ ಇದ್ದೂ ಮತ್ತೆ ಬಾಯಿಪಾಠವೇ ಪಾಸಾಗುತ್ತದೆ, ಕಣ್ಣು ಏನಾಯಿತೆಂದು ಯಾರಿಗೂ ತಿಳಿಯುವುದಿಲ್ಲ. ಬೇರೆ ಹಾಳೆ ಹಾಕಿ ಎಂದು ಹೇಳಲು ಅರ್ಧ ಎದ್ದೆ.

"ಎಚ್," ಎಂದಳು ಮೊಮ್ಮಗಳು.

ರೊಟ್ಟಿಯ ತಾಳವಿರಲಿಲ್ಲ. ಕತ್ತು ಸ್ವಲ್ಪ ಮುಂದೆ ಚಾಚಿದ್ದಳು. "ಟಿ. ಓ." ನಡುವೆ ತಡೆದಳು. ಮೂರನೆಯ ಸಾಲು, ಒಂದೊಂದಾಗಿ. ನಾಲ್ಕನೆಯದರಲ್ಲಿ ಹುಬ್ಬು ಗಂಟಿಕ್ಕಿದಳು, ಎಳ್ಳಿನಲ್ಲಿ ಸಾಸಿವೆ ಹುಡುಕುವಾಗಿನ ಹುಬ್ಬು ಅದು. ದಾಟಿದಳು. ಐದನೆಯ ಸಾಲು.

"ಓ," ಎಂದಳು. "ಎ. ಎಕ್ಸ್." ನಿಂತಳು. ನರ್ಸಿನ ಕಡ್ಡಿ ನಾಲ್ಕನೆಯ ಅಕ್ಷರದ ಕೆಳಗಿತ್ತು. "ವಿ?"

ತಪ್ಪು. ಅಲ್ಲಿ ಇರುವುದು ಯು.

ಆ ಹಾಡಿನಲ್ಲಿ ಎಕ್ಸ್ ಆದ ಮೇಲೆ ಯು ಬರಬೇಕು. ಬಾಯಿ ಎಂದೂ ಅದನ್ನು ತಪ್ಪುವುದಿಲ್ಲ. ಚಿಕ್ಕ ಯು ನೋಡಿ ವಿ ಎನ್ನಬೇಕಾದರೆ ಅದನ್ನು ಕಣ್ಣಿನಿಂದಲೇ ನೋಡಬೇಕು. ನಾನು ಕುರ್ಚಿಯಲ್ಲಿ ಹಿಂದಕ್ಕೆ ಕುಳಿತೆ.

ಮಗಳು ನನ್ನ ಕಡೆ ನೋಡಿದಳು, ಸರಿಯೋ ತಪ್ಪೋ ಎಂದು. ನಮ್ಮ ಮನೆಯಲ್ಲಿ ಆ ಹಾಳೆ ಗೊತ್ತಿದ್ದ ದೊಡ್ಡವಳು ನಾನೊಬ್ಬಳೇ. ತಪ್ಪು ಎಂದು ಕಣ್ಣಲ್ಲೇ ಹೇಳಿದೆ. ಅವಳು ಸೆರಗಿಲ್ಲದ್ದಕ್ಕೆ ಸ್ವೆಟರಿನ ತೋಳಿನಿಂದ ಕಣ್ಣೊರೆಸಿಕೊಂಡಳು.

"ಹ್ಯಾವ್ ಅನದರ್ ಲುಕ್," ಎಂದಳು ನರ್ಸ್. "ಟೇಕ್ ಯುವರ್ ಟೈಮ್."

ಮೊಮ್ಮಗಳು ಮುಚ್ಚದಿದ್ದ ಆ ಒಂದು ಕಣ್ಣನ್ನು ನನ್ನ ಕಡೆ ತಿರುಗಿಸಿದಳು. ಸುಳಿವು ಕೊಡು ಎಂದು ಕೇಳುವ ನೋಟ ಅದು, ಹಿಟ್ಟಿನ ಡಬ್ಬದ ಮೇಲಿನಿಂದ ದಿನಾ ನೋಡುತ್ತಿದ್ದ ಹಾಗೆ.

ಕಿಟಕಿಯ ಹೊರಗೆ ಶಾಲೆಯ ಅಂಗಳದಲ್ಲಿ ಯಾರೋ ಹುಲ್ಲಿಗೆ ನೀರು ಬಿಡುತ್ತಿದ್ದರು. ನಾನು ಆ ಕಡೆ ಮುಖ ತಿರುಗಿಸಿ, ಅದನ್ನೇ ನೋಡುತ್ತ ಕುಳಿತೆ.